ಆಣೆ ಹಾಕಿ ಬಡಿಸಿದವರು

“ಗುರುಗಳೇ, ನಾಳೆ ಹಬ್ಬಕ್ಕೆ ಊರಿಗೆ ಹೊರಟಿದ್ದೇನೆ. ಸಿಹಿ ಮುಟ್ಟಬೇಡ, ಕರಿದದ್ದು ಮುಟ್ಟಬೇಡ ಎಂದು ವೈದ್ಯರು ಹೇಳಿದ್ದಾರೆ. ಮನೆಯವರು ಪ್ರೀತಿಯಿಂದ ಬಡಿಸುವಾಗ ಕೈ ಅಡ್ಡ ಹಿಡಿಯುವುದು ಹೇಗೆ? ಅವರ ಮನಸ್ಸು ನೋಯುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಗಡ್ಡ ನೀವಿಕೊಂಡರು. “ಕೂತುಕೋ, ಒಂದು ಕತೆ ಹೇಳುತ್ತೇನೆ. ಅಕ್ಷರ ಅಕ್ಷರವೂ ನಿಜ. ನಾನು ಸುಳ್ಳು ಹೇಳುವವನಲ್ಲ. ನಾನು ಹುಟ್ಟಿದ ವರ್ಷ ನಮ್ಮೂರಿನಲ್ಲಿ ಸುಳ್ಳು ಹೇಳಹೋದವರಿಗೆಲ್ಲ ಬಿಕ್ಕಳಿಕೆ ಬರುತ್ತಿತ್ತಂತೆ. ಊರೆಲ್ಲ ಬಿಕ್ಕಳಿಸಿ, ಆ ವರ್ಷ ಪಂಚಾಯಿತಿ ಕಟ್ಟೆಯಲ್ಲಿ ಒಂದು ನ್ಯಾಯವೂ ಮುಗಿಯಲಿಲ್ಲ. ಅಂಥ ಬಾಯಿ ಇದು. ಕೇಳು.”

ಒಬ್ಬ ನೇಕಾರನಿದ್ದ. ನೆಲದಲ್ಲಿ ತೋಡಿದ ಕುಣಿಗೆ ಕಾಲಿಳಿಸಿ ತುಳಿದರೆ ಅವನ ಮಗ್ಗ ನಡೆಯುತ್ತಿತ್ತು. ಕಾಲು ನಿಂತರೆ ಮಗ್ಗ ನಿಂತಿತು, ಮಗ್ಗ ನಿಂತರೆ ಒಲೆ ನಿಂತಿತು. ಅವನ ತುಳಿತ ಎಂಥದೆಂದರೆ, ಊರಿನ ಹುಂಜಗಳು ಸೂರ್ಯನನ್ನು ನಂಬದೆ ಅವನ ಮಗ್ಗದ ಸದ್ದು ಕೇಳಿ ಕೂಗುತ್ತಿದ್ದವು.

ಅಂಥ ಕಾಲಿನ ಹಿಮ್ಮಡಿಯಲ್ಲಿ ಒಂದು ಹುಣ್ಣಾಯಿತು. ಆರು ತಿಂಗಳಾದರೂ ಮಾಯಲಿಲ್ಲ. ವೈದ್ಯ ನೋಡಿ ಹೇಳಿದ: “ನಿನ್ನ ರಕ್ತದಲ್ಲಿ ಸಿಹಿ ತುಂಬಿದೆ. ನಲವತ್ತು ದಿನ ನವಣೆ ಅನ್ನ, ಸೊಪ್ಪು, ಮಜ್ಜಿಗೆ. ಬೇರೇನೂ ಬೇಡ. ಹುಣ್ಣು ಮಾಯುತ್ತದೆ. ನಡುವೆ ತಪ್ಪಿದೆಯೋ, ಕಾಲು ನಿನ್ನದಲ್ಲ.”

ನೇಕಾರ ಮೂವತ್ತು ದಿನ ಪಥ್ಯ ಮಾಡಿದ. ಹುಣ್ಣು ಒಣಗಿತು. ಸುತ್ತ ಹೊಸ ಚರ್ಮ ಕಾಣಿಸಿತು. ಮೂವತ್ತೊಂದನೆಯ ದಿನ ದೀಪಾವಳಿ. ವ್ಯಾಪಾರಿಯಾಗಿದ್ದ ತಮ್ಮನ ಮನೆಯಲ್ಲಿ ಬಳಗವೆಲ್ಲ ಸೇರಿತು.

ಆ ಬಳಗದಲ್ಲಿ ಒಂದು ಪದ್ಧತಿ ಇತ್ತು. ಉಣ್ಣುವವನು ಸಾಕೆಂದರೆ ಬಡಿಸುವವರು ಆಣೆ ಹಾಕುತ್ತಿದ್ದರು. ‘ನನ್ನಾಣೆ, ಇನ್ನೊಂದು’ ಎಂದ ಮೇಲೆ ತಿನ್ನದೆ ಎದ್ದರೆ, ಆಣೆ ಹಾಕಿದವರ ಜೀವಕ್ಕೆ ಕೇಡು ಎಂದು ನಂಬಿಕೆ. ಹಿಂದೊಮ್ಮೆ ಬೀಗರೊಬ್ಬರು ಉಂಡು ಏಳಲಾರದೆ ಹೋದಾಗ ಅವರನ್ನು ಮಣೆಯ ಸಮೇತ ಗಾಡಿಗೇರಿಸಿದ್ದರು. ಎತ್ತುಗಳು ಹಿಂದಿರುಗಿ ನೋಡಿ, ನೊಗದಲ್ಲಿಯೇ ಮಲಗಿಬಿಟ್ಟವು. ಅದನ್ನು ಆ ಮನೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ನೇಕಾರನ ಹೆಂಡತಿ ನವಣೆ ಅನ್ನ, ಮೆಂತ್ಯಸೊಪ್ಪಿನ ಪಲ್ಯ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಪಂಕ್ತಿ ಕೂತಾಗ ಗಂಡನ ಎಲೆಗೆ ಅದನ್ನು ಬಡಿಸಹೋದಳು. ತಮ್ಮ ಬಂದು ಬುತ್ತಿಯನ್ನು ಕಸಿದುಕೊಂಡ.

“ಏನತ್ತಿಗೆ ಇದು? ಹಬ್ಬದ ದಿನ ನನ್ನ ಮನೆಯಲ್ಲಿ ನಮ್ಮಣ್ಣ ಹಕ್ಕಿಯ ಹಾಗೆ ನವಣೆ ಹೆಕ್ಕಬೇಕೇ?”

“ಇನ್ನು ಹತ್ತೇ ದಿನ, ಮೈದುನರೇ. ಹುಣ್ಣು ಮಾಯುತ್ತಾ ಬಂದಿದೆ.”

“ಒಂದು ದಿನಕ್ಕೆ ಏನೂ ಆಗುವುದಿಲ್ಲ. ಆ ವೈದ್ಯನ ಹೊಟ್ಟೆ ನೋಡಿದ್ದೀರಾ? ಅದೇನು ನವಣೆ ತಿಂದು ಬಂದ ಹೊಟ್ಟೆಯೇ?”

ಪಂಕ್ತಿಯೆಲ್ಲ ನಕ್ಕಿತು. ನೇಕಾರನಿಗೂ ನಗು ಬಂತು. ನಗುತ್ತಲೇ ಅವನು ಎಲೆಯ ಮೇಲೆ ಎರಡೂ ಕೈ ಹರಡಿ “ಬೇಡಪ್ಪಾ” ಎಂದ. ತಮ್ಮ ಆ ಕೈಗಳ ಮೇಲೆಯೇ ಹೋಳಿಗೆ ಇಟ್ಟು, ಅದರ ಮೇಲೆ ತುಪ್ಪ ಸುರಿದ.

“ನನ್ನಾಣೆ, ಅಣ್ಣಾ.”

ನೇಕಾರ ತಮ್ಮನ ಮುಖ ನೋಡಿದ. ತಾನೇ ಎತ್ತಿ ಆಡಿಸಿದ ತಮ್ಮ. ತಿಂದ.

ತಂಗಿ ಬಂದಳು. “ಅವನ ಆಣೆಗೆ ತಿಂದೆ. ನಾನೇನು ಬೀದಿಯಲ್ಲಿ ಸಿಕ್ಕವಳೇ?” ಅವಳದೊಂದು. ಆಮೇಲೆ ಚಿಕ್ಕಮ್ಮ, ಆಮೇಲೆ ಭಾವ. ಒಬ್ಬರ ಜೀವ ಉಳಿಸಿ ಇನ್ನೊಬ್ಬರದನ್ನು ಬಿಡುವುದು ಹೇಗೆ? ಅವನನ್ನು ಪ್ರೀತಿಸುವವರು ಆ ಮನೆಯಲ್ಲಿ ಹನ್ನೊಂದು ಮಂದಿ ಇದ್ದರು.

ಹನ್ನೊಂದನೆಯವಳು ತಮ್ಮನ ಮಗಳು. ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಹೋಳಿಗೆ ಹಿಡಿದು ಬಂದಳು. “ದೊಡ್ಡಪ್ಪಾ, ಹೊಟ್ಟೆಯಲ್ಲಿರುವ ಕೂಸಿನಾಣೆ” ಎಂದು ನಕ್ಕಳು.

ನೇಕಾರ ಅಡುಗೆಮನೆಯ ಬಾಗಿಲಿನತ್ತ ನೋಡಿದ. ಹೆಂಡತಿ ಬೇಡವೆಂದು ತಲೆಯಾಡಿಸುತ್ತಿದ್ದಳು. ಅವನು ಮನಸ್ಸಿನಲ್ಲಿ ತೂಗಿದ. ಈ ಕಡೆ ತನ್ನ ಒಂದು ಹಿಮ್ಮಡಿ, ಆ ಕಡೆ ಒಂದು ಕೂಸು. ಕಣ್ಣು ಮುಚ್ಚಿ ತಿಂದ.

ಮರುದಿನ ಪಂಕ್ತಿ ಕೂತಾಗ ಹೆಂಡತಿ ಎಲ್ಲರೆದುರಿಗೇ ಹೇಳಿದಳು: “ನನ್ನಾಣೆ, ಇವತ್ತು ತಿನ್ನಬೇಡಿ.”

ಚಿಕ್ಕಮ್ಮ ಕೆನ್ನೆಗೆ ಕೈ ಹಚ್ಚಿದಳು. “ಅಯ್ಯೋ ತಾಯಿ! ತಿನ್ನಬೇಡ ಅಂತ ಆಣೆ ಹಾಕುವ ಹೆಂಗಸನ್ನು ನಾನು ಇವತ್ತೇ ನೋಡಿದ್ದು!”

ಮತ್ತೆ ನಗು. ತಿನ್ನು ಎಂಬುದಕ್ಕೆ ಆ ಮನೆಯಲ್ಲಿ ಆಣೆ ಉಂಟು, ತಿನ್ನಬೇಡ ಎಂಬುದಕ್ಕೆ ಇಲ್ಲ. ಹಬ್ಬ ಮೂರು ದಿನ ನಡೆಯಿತು. ನೇಕಾರ ಮೂರು ದಿನವೂ ಹನ್ನೊಂದು ಜೀವಗಳನ್ನು ಕಾಪಾಡಿದ.

ಕಾಪಾಡಿದ್ದು ಸುಳ್ಳಲ್ಲ. ಹಬ್ಬ ಮುಗಿದು ತಿಂಗಳಾದರೂ ಆ ಹನ್ನೊಂದು ಮಂದಿಯಲ್ಲಿ ಯಾರಿಗೂ ಒಂದು ನೆಗಡಿ ಕೂಡ ಬರಲಿಲ್ಲ. ಕೂಸು ಗುಂಡಗೆ ಹುಟ್ಟಿತು. ನೇಕಾರನ ಹಿಮ್ಮಡಿಯ ಹೊಸ ಚರ್ಮ ಮಾತ್ರ ಕಪ್ಪಾಯಿತು. ಕಪ್ಪು ಪಾದಕ್ಕೆ ಹರಡಿ, ಪಾದದಿಂದ ಮೇಲೇರಿತು. ವೈದ್ಯ ಮೊಣಕಾಲಿನವರೆಗೆ ಕಾಲು ತೆಗೆಸಿದ. ಹೆಂಡತಿ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಆ ಹಲಗೆಯ ಮೇಲೆಯೇ ಗಂಡನ ಹಾಸಿಗೆ ಹಾಸಿದಳು.

ಜ್ವರ ಬಿಡಲಿಲ್ಲ. ಬಳಗದವರು ನೋಡಲು ಬಂದರು. ರೋಗಿಯ ಮನೆಗೆ ಬರಿಗೈಯಲ್ಲಿ ಬರಬಾರದೆಂದು ಒಬ್ಬೊಬ್ಬರೂ ಉಂಡೆ ಕಟ್ಟಿ ತಂದರು. ಹೆಂಡತಿ ಡಬ್ಬಿಗಳನ್ನು ತೆಗೆದುಕೊಂಡು ಗೋಡೆಯ ಪಕ್ಕ ಜೋಡಿಸಿದಳು.

ಕೊನೆಯ ದಿನ ನೇಕಾರನಿಗೆ ನೀರೂ ಇಳಿಯಲಿಲ್ಲ. ತಮ್ಮ ಬಂದು ಪಕ್ಕದಲ್ಲಿ ಕೂತು ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಚಮಚದಲ್ಲಿ ಗಂಜಿ ಹಿಡಿದ.

“ಅಣ್ಣಾ, ನನ್ನಾಣೆ. ಒಂದೇ ಗುಟುಕು.”

ನೇಕಾರ ಬಾಯಿ ತೆರೆದ. ತಮ್ಮನ ಮಾತನ್ನು ನಡೆಸಿಕೊಡಬೇಕೆಂದು ಆಗಲೂ ಅವನಿಗೆ ಅನಿಸಿರಬೇಕು. ಗಂಜಿ ತುಟಿಯ ಅಂಚಿನಿಂದ ಇಳಿದು ತಮ್ಮನ ಪಂಚೆಗೆ ಹರಿಯಿತು. ಬದುಕಿನಲ್ಲಿ ಅವನು ಮುರಿದ ಆಣೆ ಅದೊಂದೇ.

ತಮ್ಮ, ಉಳಿದಿದ್ದ ಒಂದು ಪಾದವನ್ನು ಹಿಡಿದು ಅತ್ತ. “ಇನ್ನು ಮೇಲೆ ಯಾರ ಎಲೆಯ ಮುಂದೆಯೂ ಆಣೆ ಹಾಕುವುದಿಲ್ಲ” ಎಂದು ಬಳಗದೆದುರು ಮಾತು ಕೊಟ್ಟ. ಹಾಗೆಯೇ ನಡೆದುಕೊಂಡ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೊರಡಲು ಎದ್ದ.

“ಅಂತೂ ತಮ್ಮನಿಗೆ ಬುದ್ಧಿ ಬಂತಲ್ಲ, ಗುರುಗಳೇ. ನಾನು ಕೈ ಅಡ್ಡ ಹಿಡಿಯುವುದೇ ಬೇಡ. ಈ ಕತೆ ಹೇಳಿಬಿಡುತ್ತೇನೆ. ಕೇಳಿದ ಮೇಲೆ ನಮ್ಮವರು ಯಾರೂ ಒತ್ತಾಯ ಮಾಡುವುದಿಲ್ಲ.”

“ಕತೆಯಲ್ಲಿ ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿದ್ದು: ತಮ್ಮ ಮಾತು ಕೊಟ್ಟದ್ದು ನಿಜ, ನಡೆದುಕೊಂಡದ್ದು ಸುಳ್ಳು, ತಿಥಿಯೂಟದ ದಿನ ಅತ್ತಿಗೆಯ ಎಲೆಗೆ ಇನ್ನೊಂದು ವಡೆ ಹಾಕಿ, ‘ಸತ್ತ ಅಣ್ಣನಾಣೆ, ತಿನ್ನಿ’ ಎಂದವನು ಅವನೇ.”