ಮೇಲಿನ ಹೆಸರು, ಕೆಳಗಿನ ಹೆಸರು

"ಗುರುಗಳೇ, ನನ್ನ ಮಾತೇ ಸರಿ ಎಂದು ಖಚಿತವಾಗಿ ಗೊತ್ತಿರುವಾಗಲೂ ಎದುರಿನವರ ಮಾತಿಗೆ ಕಿವಿಗೊಡಬೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ನೀಲಾಂಬಿಕೆ ಎಂಬವಳು ಹೊಲಿಗೆ ಕಲಿಸುವ ಶಿಕ್ಷಕಿ. ಗಂಡ ಚೆನ್ನವೀರಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ. ಅವಳ ತಂಗಿ ಶಿವಲೀಲಾ ದೂರದ ಊರಿನ ಆಸ್ಪತ್ರೆಯಲ್ಲಿದ್ದಳು. ಅಂದು ಅವಳಿಗೆ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮುಂಚೆ ಒಮ್ಮೆ ಅಕ್ಕನ ಮುಖ ನೋಡಬೇಕು ಎಂದು ಹೇಳಿಕಳಿಸಿದ್ದಳು. ಗಂಡ ಹೆಂಡತಿ ಇಬ್ಬರ ಫೋನೂ ಮಾತಾಡುವುದಕ್ಕಷ್ಟೇ ಬರುವಂಥವು. ಹಾಗಾಗಿ ನೀಲಾಂಬಿಕೆ ಹೊಲಿಗೆ ಶಾಲೆಯ ಕಂಪ್ಯೂಟರನ್ನು ಹಿಂದಿನ ದಿನವೇ ಮನೆಗೆ ತಂದಿದ್ದಳು. ರಜೆಗೆ ಬರುವ ತಂಗಿಯ ಮಕ್ಕಳಿಗೆಂದು ಹಾಕಿಸಿದ ವೈಫೈ ಮನೆಯಲ್ಲಿತ್ತು. ಅದರ ಪಾಸ್‌ವರ್ಡನ್ನು ಅವಳೇ ಆರಿಸಿದ್ದಳು.

ಬೆಳಿಗ್ಗೆ ಅವಳು ನಡುಮನೆಯ ಗೋಡೆಯ ಪಕ್ಕ ಕುಳಿತು ಕಂಪ್ಯೂಟರ್ ತೆರೆದಳು. ಪರದೆಯ ಮೇಲೆ ವೈಫೈ ಹೆಸರುಗಳು ಬಂದವು. ಮೊದಲನೆಯದನ್ನು ಒತ್ತಿ ಪಾಸ್‌ವರ್ಡ್ ಬರೆದಳು. ತಪ್ಪು ಎಂದಿತು. ಒಂದೊಂದೇ ಅಕ್ಷರ ನೋಡಿಕೊಂಡು ಮತ್ತೆ ಬರೆದಳು. ಮತ್ತೆ ತಪ್ಪು ಎಂದಿತು.

"ನೀವು ಪಾಸ್‌ವರ್ಡ್ ಬದಲಿಸಿದ್ದೀರಿ," ಎಂದಳು ಗಂಡನಿಗೆ.

"ನಾನು ಅದನ್ನು ಮುಟ್ಟೇ ಇಲ್ಲ. ಇನ್ನೊಮ್ಮೆ ಸರಿಯಾಗಿ ನೋಡು."

"ಏನು ನೋಡಲಿ? ನಾನೇ ಇಟ್ಟ ಪಾಸ್‌ವರ್ಡ್ ನನಗೆ ಮರೆಯುತ್ತದೆಯೆ? ಮಕ್ಕಳು ಹಗಲೆಲ್ಲ ಫೋನ್ ಹಿಡಿದು ಕೂರುತ್ತವೆ ಎಂದು ಗೊಣಗುತ್ತಿದ್ದವರು ನೀವೇ. ನನ್ನ ತವರಿನವರೆಂದರೆ ನಿಮಗೆ ಮೊದಲಿನಿಂದಲೂ ಆಗದು. ಅವಳು ಸಾಯಲಿ ಎಂದೇ ನಿಮ್ಮ ಮನಸ್ಸಿನಲ್ಲಿದೆ!"

ಚೆನ್ನವೀರಪ್ಪನ ಮುಖ ಬಿಳಿಚಿಕೊಂಡಿತು. ಅವನು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದ. ಅಲ್ಲಿದ್ದ ಮೆಹರುನ್ನೀಸಾ ಎಂಬ ಹೆಂಗಸಿಗೆ ವಿಷಯ ಹೇಳಿ, ಅವರ ವೈಫೈಯನ್ನು ಸ್ವಲ್ಪ ಹೊತ್ತು ಬಳಸಿಕೊಳ್ಳಬಹುದೇ ಎಂದು ಕೇಳಿದ.

"ಇದನ್ನೂ ಕೇಳಬೇಕೇನಣ್ಣಾ?" ಎಂದು ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

ಮೆಹರುನ್ನೀಸಾ ಬಗ್ಗಿ ಪರದೆ ನೋಡಿದಳು. "ಇದು ನಮ್ಮದೇ ಅಲ್ಲವೇ ಅಕ್ಕಾ," ಎಂದು ತನ್ನ ಪಾಸ್‌ವರ್ಡ್ ಹೇಳಿದಳು. ನೀಲಾಂಬಿಕೆ ಬರೆದ ಕೂಡಲೇ ಸಂಪರ್ಕ ಸಿಕ್ಕಿತು.

ಹಸಿರು ಟೊಪ್ಪಿ ಹಾಕಿಕೊಂಡ ಶಿವಲೀಲಾ ಪರದೆಯ ಮೇಲೆ ಕಂಡಳು. "ಅಕ್ಕಾ, ಅಳಬೇಡ. ಭಾವ ಎಲ್ಲಿ?" ಎಂದಳು. ಚೆನ್ನವೀರಪ್ಪ ಮುಂದೆ ಬಂದು ನಕ್ಕು, "ಬೇಗ ಎದ್ದು ಬಾ ತಾಯಿ, ಮಕ್ಕಳನ್ನೂ ಕರೆದುಕೊಂಡು ಬಾ," ಎಂದ. ಅಷ್ಟರಲ್ಲಿ ನರ್ಸ್ ಅವಳನ್ನು ಕರೆದೊಯ್ದಳು.

ಮೆಹರುನ್ನೀಸಾ ಮನೆಗೆ ಹೋದ ಮೇಲೆ ನೀಲಾಂಬಿಕೆ ಪರದೆಯನ್ನು ಸರಿಯಾಗಿ ನೋಡಿದಳು. ಎರಡು ಮನೆಗೂ ವೈಫೈ ಹಾಕಿದವನು ಒಬ್ಬನೇ. ಬೀದಿಯ ಹೆಸರನ್ನೇ ಎರಡಕ್ಕೂ ಇಟ್ಟು, ಕೊನೆಯ ಅಂಕಿಯನ್ನು ಮಾತ್ರ ಬೇರೆ ಮಾಡಿದ್ದ. ಗೋಡೆಯ ಆಚೆಗಿದ್ದ ಪಕ್ಕದ ಮನೆಯದು ಮೇಲೆ ಬಂದಿತ್ತು, ಇವರದು ಅದರ ಕೆಳಗಿತ್ತು. ಅವಳು ಕೆಳಗಿನ ಹೆಸರನ್ನು ಒತ್ತಿ ತನ್ನ ಹಳೆಯ ಪಾಸ್‌ವರ್ಡನ್ನೇ ಬರೆದಳು. ಈ ಸಲ ತಪ್ಪು ಎನ್ನಲಿಲ್ಲ.

ಚೆನ್ನವೀರಪ್ಪ ಅದನ್ನು ನೋಡಿದ. ಏನೂ ಅನ್ನಲಿಲ್ಲ. ಅಂಗಡಿಗೆ ಹೊತ್ತಾಯಿತೆಂದು ಹೊರಟ. ಅವನು ಏನಾದರೂ ಅಂದುಬಿಟ್ಟಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಶಿವಲೀಲಾ ಗುಣವಾಗಿ ಮನೆಗೆ ಬಂದಳು. ನೀಲಾಂಬಿಕೆ ಗಂಡನ ಎದುರು ಕುಳಿತು ತಪ್ಪಾಯಿತು ಎಂದಳು. ಅವನು ಆಗಲಿ ಬಿಡು ಎಂದ. ಆದರೆ ತವರಿನ ಸುದ್ದಿ ಬಂದಾಗಲೆಲ್ಲ ಅವನು ಮಾತನ್ನು ಅಳೆದು ಆಡತೊಡಗಿದ. ಅದು ಮೊದಲಿನಂತಾಗಲು ವರ್ಷಗಳೇ ಹಿಡಿದವು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಅವಳ ಪಾಸ್‌ವರ್ಡ್ ಸರಿಯಾಗಿಯೇ ಇತ್ತಲ್ಲ?" ಎಂದ ಶಿಷ್ಯ.

"ಸರಿಯಾಗಿಯೇ ಇತ್ತು, ಅದಕ್ಕೇ ಇಷ್ಟು ವರ್ಷ ಜೊತೆಗೆ ಬಾಳಿದವನನ್ನು ಕೆಟ್ಟವನೆಂದು ನಂಬಲು ಅವಳಿಗೆ ಗಳಿಗೆಯೂ ಹಿಡಿಯಲಿಲ್ಲ."