ಗಾರೆಯ ಗಿಳಿಕಂಬ

"ಗುರುಗಳೇ, ಏನನ್ನೂ ಹೊರದ ಕಂಬ ಸುಳ್ಳಲ್ಲವೇ?"

ಕಟ್ಟಡವಿದ್ಯೆ ಕಲಿಯುತ್ತಿದ್ದ ನಳಿನಾಕ್ಷಿ ಈ ಒಂದು ಮಾತು ಕೇಳಲು ಮೂರು ದಿನ ಹಿಂದೆಮುಂದೆ ನೋಡಿದ್ದಳು. ಹಳೆಯ ಅಲಂಕಾರಗಳನ್ನು ಆಟದಂತೆ ಮರಳಿ ತರುವ ಆಧುನಿಕೋತ್ತರ ವಾಸ್ತುಶಿಲ್ಪದ ಪುಸ್ತಕ ಓದಿ ಮರುಳಾಗಿ, ತಾನು ಬರೆದ ಶಾಲೆಯ ನಕ್ಷೆಯಲ್ಲಿ ಬಾಗಿಲ ಪಕ್ಕ ಸೂರು ಮುಟ್ಟದ ಕಂಬವೊಂದನ್ನು ನಿಲ್ಲಿಸಿದ್ದಳು. "ಇದೇನೇ, ನಿನ್ನ ಕಂಬಕ್ಕೆ ಸೂರು ಎಟುಕಲಿಲ್ಲವಾ?" ಎಂದು ಜೊತೆಯವರು ನಕ್ಕಿದ್ದರು. ನಕ್ಷೆ ಒಪ್ಪಿಸಲು ಇವತ್ತೇ ಕೊನೆ. ಅಳಿಸುವ ರಬ್ಬರು ಅವಳ ಮುಷ್ಟಿಯಲ್ಲಿತ್ತು.

ಗುರುಗಳು ಕತೆ ಹೇಳಿದರು.

ಒಂದು ಊರು ಬೆಂಕಿಗೆ ಸಿಕ್ಕು ಸುಟ್ಟುಹೋಯಿತು. ಕೆತ್ತನೆಯ ಬಾಗಿಲು, ಕಂಬ, ತೊಲೆ ಎಲ್ಲ ಬೂದಿಯಾದವು. ಆಗ ಒಬ್ಬ ಮೇಸ್ತ್ರಿ ಬಂದ. ಗೋಡೆ ಸೂರು ಹೊರಬೇಕು, ಕಿಟಕಿ ಗಾಳಿ ಕೊಡಬೇಕು, ಅದಕ್ಕಿಂತ ಹೆಚ್ಚಿನದೆಲ್ಲ ಸುಳ್ಳು ಎಂಬುದು ಅವನ ಮಾತು. ಬಿಳಿಯ, ನೆಟ್ಟನೆಯ, ಒಂದೇ ಅಳತೆಯ ಮನೆಗಳನ್ನು ಕಟ್ಟಿದ. ಮಳೆಗಾಲಕ್ಕೆ ಮುಂಚೆ ಎಲ್ಲರ ತಲೆಯ ಮೇಲೂ ಸೂರಿತ್ತು. ಸಣ್ಣ ಕೆಲಸವಲ್ಲ ಅದು. ಊರು ಅವನಿಗೆ ಕೈಮುಗಿಯಿತು.

ಆದರೆ ಜನ ತಮ್ಮ ಮನೆಯೆಂದು ಪಕ್ಕದ ಮನೆಗೆ ನುಗ್ಗಿ, ಚಪ್ಪಲಿ ಬಿಟ್ಟು, ಊಟಕ್ಕೆ ಕೂರತೊಡಗಿದರು.

ಆ ಊರಲ್ಲಿ ಒಬ್ಬ ಹೆಂಗಸಿದ್ದಳು. ಗಂಡ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ವ್ಯಾಪಾರಕ್ಕೆ ಹೋದವನು. ಊರು ಸುಟ್ಟದ್ದು ಅವನಿಗೆ ತಿಳಿಯದು. ಬಂದವನು ಮನೆಯ ಗುರುತು ಸಿಗದೆ, ಹೆಂಡತಿಯೂ ಸುಟ್ಟುಹೋದಳೆಂದು ತಿಳಿದು ಹಿಂದಿರುಗಿದರೆ ಎಂದು ಅವಳಿಗೆ ದಿಗಿಲು. ಮೇಸ್ತ್ರಿಯ ಶಿಷ್ಯನ ಬಳಿ ಹೋಗಿ, ತಮ್ಮ ಹಳೆಯ ಬಾಗಿಲಲ್ಲಿ ಗಿಳಿಕೆತ್ತನೆಯ ಕಂಬವಿದ್ದುದನ್ನೂ ಗಂಡ ಅದಕ್ಕೇ ಎತ್ತು ಕಟ್ಟುತ್ತಿದ್ದುದನ್ನೂ ಹೇಳಿದಳು.

ಮರ ಎಲ್ಲಿತ್ತು? ಶಿಷ್ಯ ಬಿಳಿಗೋಡೆಗೆ ಅಂಟಿದಂತೆ ಗಾರೆಯಲ್ಲೇ ಕಂಬದ ಮುಂಭಾಗವನ್ನಷ್ಟೇ ಉಬ್ಬಾಗಿ ಎಬ್ಬಿಸಿದ. ಕಾವಿ ಬಳಿದ. ಸೂರಿಗೆ ಎರಡು ಗೇಣು ಇರುವಾಗಲೇ ನಿಲ್ಲಿಸಿ, ಮೇಲೆ ಕೋಳಿಯಷ್ಟು ದಪ್ಪನೆಯ ಗಿಳಿಯನ್ನು ಕೂರಿಸಿದ. ಕಂಡವರು ನಕ್ಕರು. ನಕ್ಕವರಿಗೆ ಸುಟ್ಟುಹೋದ ತಮ್ಮ ಬಾಗಿಲೂ ನೆನಪಾಯಿತು.

ಮೇಸ್ತ್ರಿ ಉಳಿ ಹಿಡಿದೇ ಬಂದ. "ಏನಪ್ಪಾ, ನಿನ್ನ ಈ ಕಂಬ ಏನು ಹೊರುತ್ತೆ?"

"ಏನೂ ಇಲ್ಲ, ಯಜಮಾನರೇ. ಅದನ್ನು ಅದು ಮುಚ್ಚಿಟ್ಟೂ ಇಲ್ಲ."

ಕೆಡವಲು ಮೇಸ್ತ್ರಿ ಉಳಿ ಎತ್ತಿದ. ಅಷ್ಟರಲ್ಲಿ ಬೀದಿಯಲ್ಲಿ ಒಬ್ಬ ವ್ಯಾಪಾರಿ ಎತ್ತು ಹಿಡಿದು ಬರುತ್ತಿದ್ದ. ಒಂದೊಂದೇ ಬಿಳಿ ಬಾಗಿಲು ದಾಟಿ, ಇಲ್ಲಿ ನಿಂತ. ಅಭ್ಯಾಸದಂತೆ ಹಗ್ಗ ಸುತ್ತಲು ಹೋದ. ಕೈ ಗೋಡೆಗೆ ಬಡಿಯಿತು. ಗಟ್ಟಿಯಾಗಿ ನಕ್ಕುಬಿಟ್ಟ.

"ಕಂಬ ನಮ್ಮದೇ. ಗಿಳಿಗೆ ಯಾರೋ ಚೆನ್ನಾಗಿ ತಿನ್ನಿಸಿದ್ದಾರೆ!"

ಆ ನಗು ಕೇಳಿ ಹೆಂಡತಿ ಒಳಗಿನಿಂದ ಓಡಿಬಂದಳು.

ಮೇಸ್ತ್ರಿ ಉಳಿ ಕೆಳಗಿಟ್ಟ. ವರ್ಷ ತುಂಬುವುದರಲ್ಲಿ ಊರಿನ ಒಂದು ಬಾಗಿಲಿಗೆ ಮುರಿದ ಕಮಾನು ಬಂತು, ಇನ್ನೊಂದಕ್ಕೆ ನೀಲಿ ಆನೆ. ಗೋಡೆಗಳು ಮಾತ್ರ ಮೇಸ್ತ್ರಿ ಕಟ್ಟಿದವೇ.

ಕತೆ ಮುಗಿಯಿತು. ನಳಿನಾಕ್ಷಿಯ ಮುಷ್ಟಿ ಸಡಿಲವಾಯಿತು. "ಹಾಗಾದರೆ ನನ್ನ ಕಂಬ ಇರಲೇ?" ಎಂದಳು.

ಗುರುಗಳು ನಕ್ಷೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ಆ ಕಂಬವನ್ನು ಹುಡುಕಿದರು.

"ಹಗ್ಗ ಹಿಡಿದು ಬರುವವನಿಗೆ ಕಾಣಬೇಡವೇನಮ್ಮ, ಗೆರೆಯನ್ನು ಇಷ್ಟು ಹೆದರಿ ಎಳೆದಿದ್ದೀಯಲ್ಲ?"