ಕೊನೆಗೆ ಕೂಗುವ ಹೆಸರು

ದಂಡನಾಯಕ ಕೇತಮಲ್ಲನ ಕಥೆಯನ್ನು ಬೇರೆಯವರೂ ಹೇಳುತ್ತಾರೆ. ಹೇಳಲಿ, ಪಾಪ. ಅವರಿಗೆ ಅವನ ಮೀಸೆಯ ವಿಷಯವೇ ಗೊತ್ತಿಲ್ಲ.

ಆ ಮೀಸೆಯ ಎರಡು ತುದಿಗೂ ಒಂದೊಂದು ನಿಂಬೆಹಣ್ಣು ನಿಲ್ಲಿಸಿಕೊಂಡು ಅವನು ಕೋಟೆ ಹತ್ತಿದ್ದ. ನಿಂಬೆಹಣ್ಣು ಬೀಳಲಿಲ್ಲ. ಕೋಟೆ ಬಿತ್ತು.

ಆದರೆ ಸೈನಿಕರು ಅವನನ್ನು ಪ್ರೀತಿಸಿದ್ದು ಮೀಸೆಗಾಗಿ ಅಲ್ಲ. ಯುದ್ಧ ಮುಗಿದ ಮೇಲೆ ಅವನು ಎತ್ತರದ ಜಾಗದಲ್ಲಿ ನಿಂತು ತನ್ನವರ ಹೆಸರನ್ನೆಲ್ಲ ಒಬ್ಬೊಬ್ಬರದಾಗಿ ಕೂಗುತ್ತಿದ್ದ. "ಬಂದೆ" ಎಂಬ ಉತ್ತರ ಬರದಿದ್ದರೆ ತಾನೇ ಹುಡುಕಿಕೊಂಡು ಹೋಗುತ್ತಿದ್ದ. ಗಾಯಗೊಂಡವನನ್ನು ಹೊತ್ತು ತರುತ್ತಿದ್ದ. ಸತ್ತವನನ್ನೂ ಹೊತ್ತು ತರುತ್ತಿದ್ದ.

ಈ ರೂಢಿ ಅವನಿಗೆ ಬಂದದ್ದು ಗುರು ಕಲ್ಲಯ್ಯನವರಿಂದ. ಅವರ ಆಶ್ರಮ ಹೊಳೆಯ ದಡದಲ್ಲಿತ್ತು. ಸೌದೆಗೆಂದು ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದ ಶಿಷ್ಯರು ಸಂಜೆ ಮರಳುವಾಗ ಗುರುಗಳು ಮೆಟ್ಟಿಲ ಮೇಲೆ ನಿಂತು ಹೆಸರು ಕೂಗುತ್ತಿದ್ದರು. ಹೊಳೆ ಯಾರನ್ನೂ ಇಟ್ಟುಕೊಂಡಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವರ ಊಟ.

ಮಹಾರಾಜರು ಕೇತಮಲ್ಲನನ್ನು ಮೆಚ್ಚಿದರು. ಮಹಾರಾಜರು ಮೆಚ್ಚಿದರೆ ಕಷ್ಟ. ಅವನನ್ನು ಸೈನ್ಯದಿಂದ ತೆಗೆದು ಇಡೀ ರಾಜ್ಯದ ಬೇಹುಗಾರರ ಮುಖ್ಯಸ್ಥನನ್ನಾಗಿ ಮಾಡಿಬಿಟ್ಟರು.

ಅಲ್ಲೇನು ಅವನು ಕಡಿಮೆಯೇ? ನೆರೆರಾಜ ತನ್ನ ಅರಮನೆಯಲ್ಲಿ ಸೀನಿದರೆ ಇಲ್ಲಿ ನಮ್ಮವರು "ನೂರು ವರ್ಷ" ಅನ್ನುತ್ತಿದ್ದರು. ಆ ರಾಜನ ಸಾರಿಗೆ ಉಪ್ಪು ಕಡಿಮೆಯಾದದ್ದು ಅವನ ನಾಲಿಗೆಗಿಂತ ಮೊದಲು ಕೇತಮಲ್ಲನಿಗೆ ಗೊತ್ತಾಗುತ್ತಿತ್ತು.

ಆ ಕೆಲಸಕ್ಕೆ ಒಂದು ಕಟ್ಟಳೆ ಇತ್ತು. ನಾವು ಕಳಿಸಿದವನು ಸಿಕ್ಕಿಬಿದ್ದರೆ, ಅವನು ನಮ್ಮವನಲ್ಲ.

ವರ್ಷಗಳು ಕಳೆದು ಮೀಸೆ ಬೆಳ್ಳಗಾಯಿತು. ಕೇತಮಲ್ಲ ಪದವಿ ಬಿಟ್ಟು, ಸನ್ಮಾನದ ಶಾಲನ್ನು ಮನೆಯಲ್ಲೇ ಮಡಿಸಿಟ್ಟು, ಆಶ್ರಮಕ್ಕೆ ಬಂದ. ದೀಕ್ಷೆ ಕೊಡಿ, ಉಳಿದ ಕಾಲ ಇಲ್ಲೇ ಬಿದ್ದಿರುತ್ತೇನೆ ಎಂದು ಗುರುಗಳ ಕಾಲು ಹಿಡಿದ.

ಗುರುಗಳು ತೀರ ಸೊರಗಿದ್ದರು. ಅವರು ಕೇಳಿದ್ದು ಒಂದೇ ಮಾತು.

"ಚಾಕಣ್ಣ ಎಲ್ಲಿ?"

ಚಾಕಣ್ಣ ಆ ಆಶ್ರಮದಲ್ಲೇ ಓದುತ್ತಿದ್ದವನು. ಯಾವ ಸೀಮೆಯ ಮಾತನ್ನಾದರೂ ಅಲ್ಲೇ ಹುಟ್ಟಿದವನಂತೆ ಆಡುತ್ತಿದ್ದ. ಗುರುಗಳ ಕೆಮ್ಮನ್ನಂತೂ ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದನೆಂದರೆ, ಮಲಗಿದ್ದವರೆಲ್ಲ ಎದ್ದು ಪಾಠ ಒಪ್ಪಿಸಲು ಶುರುಮಾಡುತ್ತಿದ್ದರು. ಒಮ್ಮೆ ಗುರುಗಳೇ ಗಾಬರಿಯಿಂದ ಎದ್ದು ಕೂತಿದ್ದರಂತೆ.

ಬೇಹುಗಾರರ ಮುಖ್ಯಸ್ಥನಾಗಿದ್ದಾಗ ಒಮ್ಮೆ ದರ್ಶನಕ್ಕೆ ಬಂದ ಕೇತಮಲ್ಲ ಆ ಕೆಮ್ಮು ಕೇಳಿದ್ದ. ಅರಮನೆಯಲ್ಲಿ ಸಣ್ಣದೊಂದು ಕೆಲಸವಿದೆ ಎಂದು ಚಾಕಣ್ಣನನ್ನು ಕರೆದುಕೊಂಡು ಹೋಗಿದ್ದ. ದೀಕ್ಷೆ ಕೇಳಿ ಕಾದಿರುವವನು, ಬೇಗ ಕಳಿಸು ಎಂದಿದ್ದರು ಗುರುಗಳು.

"ನನಗೆ ಗೊತ್ತಿಲ್ಲ ಗುರುಗಳೇ" ಎಂದ ಕೇತಮಲ್ಲ.

ಯೋಚಿಸಿ ಹೇಳಿದ್ದಲ್ಲ. ಅಷ್ಟು ವರ್ಷ ಬಾಯಿಗೆ ರೂಢಿಯಾಗಿದ್ದ ಮಾತು, ತಾನಾಗಿ ಬಂತು.

"ಹಾಗಾದರೆ ನೀನು ಕಾಯಬೇಕಲ್ಲಪ್ಪ" ಎಂದರು ಗುರುಗಳು. "ಅವನು ನಿನಗಿಂತ ಮೊದಲು ಕೇಳಿದ್ದಾನೆ. ಅವನು ಬರಲಿ. ಆಮೇಲೆ ನೀನು."

ಮಾಜಿ ದಂಡನಾಯಕ ಸೌದೆ ಹೊತ್ತ. ಸಂಜೆ ಮೆಟ್ಟಿಲ ಮೇಲಿಂದ ಗುರುಗಳು ಕೂಗಿದ ಹೆಸರುಗಳಲ್ಲಿ ಅವನದೂ ಬಂತು. "ಬಂದೆ" ಎಂದ. ಎಲ್ಲರದೂ ಮುಗಿದ ಮೇಲೆ ಗುರುಗಳು ಹೊಳೆಯ ಕಡೆ ತಿರುಗಿ ಇನ್ನೊಂದು ಹೆಸರು ಕೂಗಿದರು.

"ಚಾಕಣ್ಣ."

ಹೊಳೆ ಹರಿಯುತ್ತಿತ್ತು. ಗುರುಗಳು ಸ್ವಲ್ಪ ಹೊತ್ತು ಕಾದು ಒಳಗೆ ಹೋಗಿ ಮಲಗಿದರು.

ಪಕ್ಕದಲ್ಲಿದ್ದ ಶಿಷ್ಯ ಸೌದೆ ಇಳಿಸುತ್ತ ಕೇತಮಲ್ಲನಿಗೆ ವಿಷಯ ಹೇಳಿದ. ದಿನವೂ ಹೀಗೆಯೇ. ಆ ಪುಣ್ಯಾತ್ಮ ಯಾರೋ, ಈಗಿರುವವರು ನೋಡಿದವರಲ್ಲ. ಅವನು ಹೋದಾಗಿನಿಂದ ಗುರುಗಳಿಗೆ ರಾತ್ರಿಯ ಊಟವಿಲ್ಲ, ಅವರ ಪಾಲು ತಿಂದು ತಿಂದು ನಮಗೇ ಹೊಟ್ಟೆ ಬಂದಿದೆ. ಉಳಿದವರು ನಕ್ಕರು.

ಕೆಲವು ಸಂಜೆಗಳು ಹೀಗೆ ಕಳೆದವು. ನಿಂಬೆಹಣ್ಣು ಹೊತ್ತು ಕೋಟೆ ಹತ್ತಿದವನಿಗೆ ಆ ನಾಲ್ಕು ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಕೊನೆಗೊಂದು ಸಂಜೆ, ಗುರುಗಳು ಆ ಹೆಸರು ಕೂಗಿದ ಮೇಲೆ, ಅವರ ಪಾದದ ಬಳಿ ಕೂತ.

"ಅವನು ಬರುವುದಿಲ್ಲ ಗುರುಗಳೇ. ನೀವು ಊಟ ಮಾಡಿ."

ಆಮೇಲೆ ಎಲ್ಲವನ್ನೂ ಹೇಳಿದ. ಚಾಕಣ್ಣ ಬಳೆಗಾರನ ವೇಷದಲ್ಲಿ ನೆರೆರಾಜ್ಯದಲ್ಲಿ ಓಡಾಡಿದ್ದು. ಸಿಕ್ಕಿಬಿದ್ದದ್ದು. ಅಲ್ಲಿಯ ರಾಯಭಾರಿ ಅವನನ್ನು ಸಂಕೋಲೆ ಹಾಕಿ ನಮ್ಮ ರಾಜಸಭೆಗೇ ತಂದು ನಿಲ್ಲಿಸಿದ್ದು. ಇವನು ನಿಮ್ಮವನಾದರೆ ನಾಳೆಯೇ ಯುದ್ಧ, ಅಲ್ಲವಾದರೆ ಕರೆದೊಯ್ದು ಗಲ್ಲಿಗೇರಿಸುತ್ತೇವೆ ಎಂದಿದ್ದ ರಾಯಭಾರಿ. ಇಡೀ ಸಭೆ ಕೇತಮಲ್ಲನ ಮುಖ ನೋಡಿತ್ತು.

"ನೀನು ಏನಂದೆ?"

"ಇವನು ಯಾರೋ ನನಗೆ ಗೊತ್ತಿಲ್ಲ ಅಂದೆ."

"ಅವನು?"

"ಅವನೂ ನನ್ನನ್ನು ನೋಡಿ ಅದನ್ನೇ ಅಂದ. ಆ ಸೀಮೆಯ ಮಾತಿನಲ್ಲೇ, ಎಲ್ಲೂ ತಪ್ಪದೆ. ಈ ದೊಡ್ಡವರು ಯಾರು ಸ್ವಾಮಿ, ನನ್ನ ಬಳೆಗಂಟು ಕೊಡಿಸಿ, ವ್ಯಾಪಾರಕ್ಕೆ ಹೊತ್ತಾಯಿತು ಅಂದ."

ಕೇತಮಲ್ಲ ತಡೆದು ತಡೆದು ಮುಂದಿನದನ್ನು ಹೇಳಿದ.

"ಎಳೆದುಕೊಂಡು ಹೋಗುವಾಗ ಬಾಗಿಲ ಹತ್ತಿರ ಒಮ್ಮೆ ಕೆಮ್ಮಿದ. ನಿಮ್ಮ ಕೆಮ್ಮು."

ಗುರುಗಳಿಗೆ ಕೆಮ್ಮು ಬಂತು. ತಡೆದುಕೊಂಡರು.

"ಯುದ್ಧ ಆಗಲಿಲ್ಲ ಗುರುಗಳೇ. ಎಷ್ಟೋ ಮನೆಯ ಮಕ್ಕಳು ಉಳಿದರು. ನಾನು ಮಾಡಿದ್ದು ಸರಿಯೋ ತಪ್ಪೋ, ಒಂದು ಮಾತು ಹೇಳಿ."

"ಹೆಣ ಎಲ್ಲಿ?" ಎಂದರು ಗುರುಗಳು.

"ನಮ್ಮವನಲ್ಲ ಅಂದ ಮೇಲೆ ಹೆಣ ಕೇಳುವ ಹಾಗಿರಲಿಲ್ಲ."

ಗುರುಗಳು ಗೋಡೆ ಹಿಡಿದು ಒಳಗೆ ಹೋದರು. ಅಂದು ಎಲೆಯ ಮುಂದೆ ಕೂತು ಒಂದು ತುತ್ತು ತಿಂದರು. ಎರಡನೆಯದನ್ನು ಕಲಸಿ ಹಾಗೇ ಬಿಟ್ಟು ಎದ್ದರು.

ಮರುದಿನ ಸಂಜೆ ಹರಿಗೋಲು ದಡ ಮುಟ್ಟಿದಾಗ ಗುರುಗಳು ಮೆಟ್ಟಿಲ ಮೇಲಿರಲಿಲ್ಲ. ಕೆಳಗೆ, ನೀರಿನ ಅಂಚಿನಲ್ಲಿ ನಿಂತಿದ್ದರು. ಕೇತಮಲ್ಲನಿಗೆ ಮೇಲೆ ಹೋಗು ಎಂದು ಕೈ ತೋರಿಸಿದರು.

ಅವನು ಹತ್ತಿ ನಿಂತು ಹೆಸರು ಕೂಗಿದ. ಒಂದು ಕಾಲಕ್ಕೆ ಆ ದನಿ ಕೇಳಿ ಶತ್ರುವಿನ ಆನೆಗಳು ಮಾವುತನನ್ನು ಕೇಳದೆಯೇ ಮನೆಗೆ ಹೋಗಿದ್ದವು. ಒಬ್ಬೊಬ್ಬರಾಗಿ ಎಲ್ಲರೂ "ಬಂದೆ" ಎಂದರು.

ಒಂದು ಹೆಸರು ಉಳಿಯಿತು. ಅವನು ಹೊಳೆಯ ಕಡೆ ತಿರುಗಿದ. ಶಿಷ್ಯರು ಈ ಸಲ ನಗಲಿಲ್ಲ.

"ಚಾಕಣ್ಣ" ಎಂದ ಕಡೆಗೆ. ಆ ಕೂಗು ಹೊಳೆಯ ನಡುವಿನವರೆಗೂ ಹೋಗಿರಲಾರದು.

ಕೇತಮಲ್ಲ ಕೆಳಗೆ ನೋಡಿದ.

"ಬರದವನನ್ನು ಯಾಕೆ ಕೂಗಲಿ ಗುರುಗಳೇ?"

"ಬರುತ್ತಾನೆ ಅಂತ ನಾನು ಕೂಗುತ್ತಿದ್ದೆ" ಎಂದರು ಗುರುಗಳು. "ನಮ್ಮವನು ಅಂತ ನೀನು ಕೂಗು."